ಲೋಡ್ ಅಂದರೆ ಎಷ್ಟು?

ಕೆ.ಆರ್.ಪುರದಿಂದ ಆಚೆ, ಹೂಡಿ, ವೈಟ್‌ಫೀಲ್ಡ್ ಕಡೆ ಬೇಸಿಗೆ ಬಂತು ಅಂತ ತಿಳಿಯೋಕೆ ಬಿಸಿಲು ನೋಡಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ಲೋಡ್’ ಅನ್ನೋ ಪದ ದಿನಕ್ಕೆ ಎಷ್ಟು ಸಲ ಬರುತ್ತೆ ಅಂತ ಎಣಿಸಿದರೆ ಸಾಕು. ‘ಬೆಳಿಗ್ಗೆಯಿಂದ ಎರಡೇ ಲೋಡ್ ಬಂದಿರೋದು.’ ‘ಲೋಡಿಗೆ ಇನ್ನೂರು ಏರಿಸಿದಾರಂತೆ.’ ‘ನಾಳೆಗೆ ಆರು ಲೋಡ್ ಹೇಳಿದೀವಿ, ದಯವಿಟ್ಟು ಕಾರು ತೊಳೀಬೇಡಿ.’ ಇಂದಿರಾನಗರಕ್ಕೆ ಹೋದರೆ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿನ ನನ್ನ ಸಹೋದ್ಯೋಗಿಗಳಿಗೆ ಲೋಡ್ ಅಂದರೆ ವಾಷಿಂಗ್ ಮೆಷೀನಿಗೆ ಒಂದು ಸಲಕ್ಕೆ ಹಾಕೋ ಬಟ್ಟೆ, ಇಲ್ಲವೇ ಸರ್ವರ್ ಮೇಲೆ ಬೀಳೋ ಒತ್ತಡ. ಅವರ ನಲ್ಲಿಯಲ್ಲಿ ಕಾವೇರಿ ಬರುತ್ತೆ. ನಮ್ಮ ಊರಿನ ಕಡೆ, ಅಂದರೆ ತುರುವೇಕೆರೆ ಕಡೆ, ಈ ಪದ ಮೊದಲು ಬಂದಿದ್ದೇ ಲೋಡ್ ಶೆಡ್ಡಿಂಗ್ ಜೊತೆಗೆ. ಏನು ಶೆಡ್ ಆಗ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಕರೆಂಟು ಹೋಗುತ್ತೆ ಅನ್ನೋದು ಮಾತ್ರ ಗೊತ್ತಿತ್ತು.

ನನ್ನ ತಕರಾರು ನೀರಿನ ಲೋಡಿನ ಬಗ್ಗೆ. ಇಂಗ್ಲಿಷ್ ಪದ ಬಳಸ್ತೀವಿ ಅನ್ನೋ ಕಾರಣಕ್ಕಲ್ಲ. ಬಸ್ಸು, ಲಾರಿ, ಪೈಪು ಎಲ್ಲ ನಮ್ಮವೇ ಆಗಿವೆ, ಲೋಡ್ ಕೂಡ ಆಗಲಿ. ಅಳತೆಯ ಪದ ಅಂತ ನಾವು ನಂಬಿ ಬಳಸ್ತಿರೋ ಈ ಪದ ಏನನ್ನೂ ಅಳೀತಿಲ್ಲ ಅನ್ನೋದು ತಕರಾರು.

ಮೊದಲು ಇಂಗ್ಲಿಷಿನವರು ಇದನ್ನು ಹೇಗೆ ಬಳಸ್ತಾರೆ ನೋಡೋಣ. ಪಾತ್ರೆಯ ಲೆಕ್ಕದಲ್ಲಿ ಪ್ರಮಾಣ ಹೇಳೋದಕ್ಕೆ ಆ ಭಾಷೆಯಲ್ಲಿ ಎರಡು ದಾರಿ ಇವೆ. ಚಿಕ್ಕ ಪಾತ್ರೆಯಾದರೆ ಬಾಲಕ್ಕೆ ‘ಫುಲ್’ ಸೇರಿಸ್ತಾರೆ: ಸ್ಪೂನ್‌ಫುಲ್, ಕಪ್‌ಫುಲ್, ಹ್ಯಾಂಡ್‌ಫುಲ್. ದೊಡ್ಡದಾದರೆ, ಅದರಲ್ಲೂ ಚಕ್ರವೋ ಹಾಯಿಯೋ ಇರೋದಾದರೆ, ‘ಲೋಡ್’ ಸೇರಿಸ್ತಾರೆ: ಕಾರ್ಟ್‌ಲೋಡ್, ಟ್ರಕ್‌ಲೋಡ್, ಬೋಟ್‌ಲೋಡ್. ಎರಡರಲ್ಲೂ ಮುಂದೆ ಇರೋದು ಪಾತ್ರೆಯ ಹೆಸರು. ಚಮಚವೋ ಗಾಡಿಯೋ ದೋಣಿಯೋ ಅನ್ನೋದನ್ನು ಮುಂದಿನ ಅರ್ಧ ಹೇಳುತ್ತೆ. ತುಂಬಿದೆ, ಹೊತ್ತಿದೆ ಅನ್ನೋದನ್ನು ಮಾತ್ರ ಹಿಂದಿನ ಅರ್ಧ ಹೇಳುತ್ತೆ. ಪ್ರಮಾಣದ ಅಂದಾಜು ಸಿಗೋದು ಮುಂದಿನ ಅರ್ಧದಿಂದ. ಬೆಂಗಳೂರಿನ ನಾವು ಟ್ಯಾಂಕರ್‌ಲೋಡ್ ಅನ್ನೋದರಲ್ಲಿ ಟ್ಯಾಂಕರನ್ನು ಕಿತ್ತುಹಾಕಿ ಲೋಡ್ ಅನ್ನೋ ಬಾಲವನ್ನು ಮಾತ್ರ ಇಟ್ಟುಕೊಂಡಿದ್ದೀವಿ. ಕಪ್‌ಫುಲ್ ಅನ್ನೋದರಲ್ಲಿ ಕಪ್ ಬಿಟ್ಟು ‘ಒಂದು ಫುಲ್ ಹಾಲು ಕೊಡಿ’ ಅಂದ ಹಾಗಾಯಿತು. (ಫುಲ್ ಅಂದರೆ ಏನು ಸಿಗುತ್ತೆ ಅಂತ ಕೆಲವು ಗೆಳೆಯರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಬಾಟಲಿ ಮೇಲೆ ಮಿಲಿಲೀಟರ್ ಅಚ್ಚಾಗಿರುತ್ತೆ, ಅದರಲ್ಲಿ ಮೋಸ ಇಲ್ಲ.)

ಕನ್ನಡದ ದಾರಿ ಇದಕ್ಕೆ ಉಲ್ಟಾ. ನಾವು ಪಾತ್ರೆಯನ್ನೇ ಇಟ್ಟುಕೊಂಡು ‘ತುಂಬಿದ’ ಅನ್ನೋದನ್ನು ಬಿಡ್ತೀವಿ. ಒಂದು ಕೊಡ ನೀರು, ಎರಡು ಲೋಟ ಮಜ್ಜಿಗೆ, ಹತ್ತು ಗಾಡಿ ಗೊಬ್ಬರ. ತುಂಬಿದೆ ಅಂತ ಬೇರೆ ಹೇಳೋ ಅಗತ್ಯವಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ‘ಎರಡು ಕೊಡಗಳು ಒಡೆದುಹೋದವು’ ಅಂತೀವಿ, ಆದರೆ ‘ಎರಡು ಕೊಡ ನೀರು’ ಅಂತೀವಿ. ಪಾತ್ರೆಯಾದಾಗ ಬಹುವಚನ ಬರುತ್ತೆ, ಅಳತೆಯಾದಾಗ ಬಹುವಚನ ಬಿದ್ದುಹೋಗುತ್ತೆ. ಇಂಗ್ಲಿಷಿನವರು ಒಂದು ‘ಫುಲ್’ ಸೇರಿಸಿ ಮಾಡೋ ಕೆಲಸವನ್ನು ನಾವು ಒಂದು ‘ಗಳು’ ಬಿಟ್ಟು ಮಾಡ್ತೀವಿ. ಲೋಡ್ ಕನ್ನಡಕ್ಕೆ ಬಂದ ಕೂಡಲೇ ಈ ವ್ಯಾಕರಣಕ್ಕೆ ಸರಿಯಾಗಿ ಕೂತುಬಿಡ್ತು. ‘ಎರಡು ಲೋಡ್ ನೀರು’ ಅಂತೀವಿ, ‘ಎರಡು ಲೋಡುಗಳು ನೀರು’ ಅನ್ನೋರನ್ನು ನಾನಂತೂ ಕಂಡಿಲ್ಲ. ಕೊಡ, ಲೋಟ, ಗಾಡಿಗಳ ಸಾಲಿನಲ್ಲಿ ಅದೂ ಒಂದು ಪಾತ್ರೆಯ ಥರ ನಿಂತಿದೆ. ಆದರೆ ಅದು ಪಾತ್ರೆ ಅಲ್ಲ. ಕೊಡ ಅಂದರೆ ಕಣ್ಣ ಮುಂದೆ ಒಂದು ಆಕಾರ ಬರುತ್ತೆ. ಲೋಡ್ ಅಂದರೆ ಏನು ಬರುತ್ತೆ?

ಪದದ ಹುಟ್ಟಿನಲ್ಲೇ ಆಕಾರ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲಕ್ಕೆ ದಾರಿ, ಪಯಣ, ಸಾಗಾಟ ಅನ್ನೋ ಅರ್ಥ ಇತ್ತು. ದಾರಿ ತೋರಿಸೋ ‘ಲೀಡ್’ ಇದರ ನೆಂಟ. ದಾರಿಯಲ್ಲಿ ಸಾಗಿಸೋದಕ್ಕೆ ಬಳಸ್ತಿದ್ದ ಪದ ಆಮೇಲೆ ಸಾಗಿಸೋ ಸರಕಿಗೆ ಅಂಟಿಕೊಂಡಿತು. ಇಂಥ ಪದ ಇಟ್ಟುಕೊಂಡು ವ್ಯಾಪಾರ ಮಾಡೋದು ಕಷ್ಟ ಅಂತ ಆ ದೇಶದವರಿಗೇ ಗೊತ್ತಿತ್ತು, ಹಾಗಾಗಿ ಒಂದೊಂದು ಸರಕಿಗೆ ಲೋಡ್ ಅಂದರೆ ಎಷ್ಟು ಅಂತ ಕಟ್ಟಿಹಾಕಿದ್ದರು. ಲಂಡನ್ನಿನ ಒಣಹುಲ್ಲಿನ ಪೇಟೆಯಲ್ಲಿ ಒಂದು ಲೋಡ್ ಅಂದರೆ 36 ಕಟ್ಟು. ಹಳೇ ಹುಲ್ಲಾದರೆ ಕಟ್ಟಿಗೆ 56 ಪೌಂಡು, ಹೊಸ ಹುಲ್ಲಾದರೆ 60 ಪೌಂಡು. ಹೊಸದರಲ್ಲಿ ಇನ್ನೂ ಹಸಿ ಇರುತ್ತೆ, ಆ ನೀರಿನ ತೂಕಕ್ಕೆ ನಾಲ್ಕು ಪೌಂಡು ಜಾಸ್ತಿ ಕೊಡಲಿ ಅಂತ ಲೆಕ್ಕ. ಮರದ ದಿಮ್ಮಿಯಾದರೆ, ಕೆತ್ತಿದ್ದಕ್ಕೆ 50 ಘನ ಅಡಿ, ಕೆತ್ತದೇ ಇದ್ದದ್ದಕ್ಕೆ 40 ಘನ ಅಡಿ ಒಂದು ಲೋಡ್. ಹುಲ್ಲಿನ ತೇವಾಂಶಕ್ಕೂ ಲೆಕ್ಕ ಇಟ್ಟಿದ್ದ ಪದ ಅದು. ನಮ್ಮ ಹತ್ತಿರ ಬರುವಾಗ ಪದ ಲಾರಿ ಹತ್ತಿ ಬಂತು, ಅಳತೆ ಬಂದರಿನಲ್ಲೇ ಉಳಿಯಿತು.

ನಮ್ಮ ಹಳೇ ಅಳತೆಗಳು ಬಹಳ ನೇರ್ಪಾಗಿದ್ದವು ಅಂತ ನಾನು ಹೇಳೋಕೆ ಹೊರಟಿಲ್ಲ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಂತ ಕೋಷ್ಟಕ ಬಾಯಿಪಾಠ ಮಾಡಿದವರು ನಮ್ಮ ತಾತನ ಕಾಲದವರು. ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರಿಂದ ಊರಿಗೆ ಬದಲಾಗ್ತಿತ್ತು. ಟಿಪ್ಪು ಸತ್ತ ಮರುವರ್ಷ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುವಾಗ ಹೋದಲ್ಲೆಲ್ಲ ಇಲ್ಲಿಯ ಸೇರು ಎಷ್ಟು, ಇಲ್ಲಿಯ ಕೊಳಗ ಎಷ್ಟು ಅಂತ ಕೇಳಿ ಬರೆದುಕೊಳ್ಳಬೇಕಾಯಿತು. ಖಂಡುಗ ಅನ್ನೋದಂತೂ ಕಾಳಿನ ಅಳತೆಯೂ ಹೌದು, ಅಷ್ಟು ಕಾಳು ಬಿತ್ತನೆಗೆ ಹಿಡಿಯೋ ನೆಲದ ಅಳತೆಯೂ ಹೌದು. ಜೊತೆಗೆ ಗುಡ್ಡೆ ಮಾಡಿ ಅಳೆಯೋದೋ, ಬಾಯಿಗೆ ಸಮ ಮಾಡಿ ಸವರಿ ಅಳೆಯೋದೋ ಅನ್ನೋ ಜಗಳ. ಸಾಲ ಕೊಡುವಾಗ ಒಂದು ಸೇರು, ವಸೂಲಿ ಮಾಡುವಾಗ ಇನ್ನೊಂದು ಸೇರು ಇಟ್ಟುಕೊಂಡಿದ್ದ ಸಾಹುಕಾರನ ಕತೆ ಯಾವ ಊರಲ್ಲಿ ಇಲ್ಲ? ಆದರೂ ಒಂದು ಮಾತು ಒಪ್ಪಬೇಕು. ಸೇರು ಅಲ್ಲಿ ಕೂತಿರ್ತಿತ್ತು. ಅದರ ಗಾತ್ರದ ಬಗ್ಗೆ ಅನುಮಾನ ಬಂದರೆ ಕೈಗೆ ತಗೊಂಡು ತಿರುಗಿಸಿ ನೋಡಬಹುದಿತ್ತು, ಪಕ್ಕದ ಮನೆಯ ಸೇರು ತಂದು ಹೋಲಿಸಬಹುದಿತ್ತು. ಗೊಬ್ಬರದ ಗಾಡಿಯೂ ಹಾಗೇ. ಯಾರ ಗಾಡಿ, ಪಕ್ಕದ ಹಲಗೆ ಎಷ್ಟು ಎತ್ತರ ಅನ್ನೋದು ಊರಿಗೆಲ್ಲ ಗೊತ್ತಿರೋ ವಿಷಯ.

ಹೊರೆ ಅನ್ನೋ ಪದವನ್ನೇ ತಗೊಳ್ಳಿ, ಲೋಡಿಗೆ ನಿಘಂಟು ನೋಡಿದರೆ ಮೊದಲು ಸಿಗೋದು ಅದೇ. ಹೊರೆಗೆ ಒಂದು ಮಿತಿ ಇದೆ, ಒಬ್ಬ ಮನುಷ್ಯನ ಕುತ್ತಿಗೆ ತಡೆಯೋವಷ್ಟು. ಹೇರು ಅನ್ನೋದಕ್ಕೆ ಎತ್ತೋ ಕತ್ತೆಯೋ ಹೊರೋವಷ್ಟು ಅನ್ನೋ ಮಿತಿ. ಸೌದೆಯ ಹೊರೆಗೆ ಮೋಳಿಗೆ ಅಂತ ಇನ್ನೊಂದು ಹೆಸರಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿ ಬದುಕಿದ ಶರಣ ಮಾರಯ್ಯನಿಗೆ ಆ ಹೊರೆಯೇ ಹೆಸರಾಗಿ, ಮೋಳಿಗೆ ಮಾರಯ್ಯ ಅಂತಲೇ ನಮಗೆ ಗೊತ್ತು. ಈ ಪದಗಳಲ್ಲಿ ಹೊತ್ತವರು ಕಾಣ್ತಾರೆ. ಅಷ್ಟಕ್ಕೇ, ಲೋಡ್ ಬಿಟ್ಟು ‘ನೀರಿನ ಹೊರೆ’ ಅನ್ನೋಣ ಅಂತ ಹೊರಡೋ ಭಾಷಾಭಿಮಾನಿ ಗೆಳೆಯರಿಗೆ ನನ್ನ ನಮಸ್ಕಾರ. ‘ಇವತ್ತು ಮೂರು ಹೊರೆ ನೀರು ಬಂತು’ ಅಂದರೂ ಎಷ್ಟು ಬಂತು ಅಂತ ತಿಳಿಯೋದಿಲ್ಲ. ಮಂಜು ಅದೇ, ಬಣ್ಣ ಮಾತ್ರ ಬೇರೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ ಒಂದು ಸಂಜೆ ಓಡಾಡಿ ಬನ್ನಿ. ಕಿಲೋ ಬಿಟ್ಟು ಎಷ್ಟು ಅಳತೆ ಇವೆ ಅಲ್ಲಿ! ಬಾಳೆಹಣ್ಣು ಚಿಪ್ಪಿನ ಲೆಕ್ಕ, ಕೊತ್ತಂಬರಿ ಕಟ್ಟಿನ ಲೆಕ್ಕ, ಹೂವು ಮೊಳದ ಲೆಕ್ಕ. ತಳ್ಳುಗಾಡಿಯ ಮೇಲೆ ಟೊಮೇಟೊ, ಹಸಿಮೆಣಸಿನಕಾಯಿ ಗುಡ್ಡೆ ಗುಡ್ಡೆಯಾಗಿ ಇಟ್ಟಿರ್ತಾರೆ; ಗುಡ್ಡೆಗೆ ಇಷ್ಟು. ಕಾಫಿಗೆ ಹೋದರೆ ಬೈ ಟು. ಇದ್ಯಾವುದೂ ಕರಾರುವಾಕ್ಕಾದ ಅಳತೆ ಅಲ್ಲ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಮುಂದೆ ಹೂವಿನವರ ಮೊಳ ನನ್ನ ಮೊಳಕ್ಕಿಂತ ಯಾವಾಗಲೂ ಎರಡು ಬೆರಳು ಚಿಕ್ಕದೇ. ಆದರೆ ಅಳೆಯುವಾಗ ಮೊಳಕೈ ನಮ್ಮ ಕಣ್ಣ ಮುಂದೆ ಇರುತ್ತೆ. ‘ಅಕ್ಕ, ಸ್ವಲ್ಪ ಬಿಗಿಯಾಗಿ ಹಿಡೀಬೇಡಿ’ ಅಂದರೆ ನಗ್ತಾ ನಾಲ್ಕು ಹೂ ಹೆಚ್ಚು ಬಿಡ್ತಾರೆ. ಗುಡ್ಡೆ ಚಿಕ್ಕದು ಅನ್ನಿಸಿದರೆ ಪಕ್ಕದ ಗುಡ್ಡೆ ತೋರಿಸಬಹುದು, ಅಥವಾ ಮುಂದಿನ ಗಾಡಿಗೆ ಹೋಗಬಹುದು. ಬೈ ಟು ಕಾಫಿಯನ್ನು ಎರಡು ಲೋಟಕ್ಕೆ ಸುರಿಯೋದನ್ನು ಇಬ್ಬರೂ ನೋಡ್ತಾ ನಿಂತಿರ್ತಾರೆ.

ನೀರಿನ ಲೋಡಿನಲ್ಲಿ ನೋಡೋಕೆ ಏನಿದೆ? ಮುಚ್ಚಿದ ಟ್ಯಾಂಕು, ದಪ್ಪ ಪೈಪು, ನೆಲದ ಕೆಳಗಿನ ಸಂಪು. ಮುಚ್ಚಿದ ಒಂದು ಪಾತ್ರೆಯಿಂದ ಮುಚ್ಚಿದ ಇನ್ನೊಂದು ಪಾತ್ರೆಗೆ ನೀರು ಹೋಗುತ್ತೆ. ನಮಗೆ ಕೇಳೋದು ಸದ್ದು ಮಾತ್ರ. ಮೂರು ವರ್ಷದಲ್ಲಿ ನಾನು ಎಷ್ಟೋ ಡ್ರೈವರುಗಳನ್ನು ಕೇಳಿದ್ದೀನಿ:

‘ಅಣ್ಣ, ಇದು ಎಷ್ಟು ಲೀಟರ್ ಗಾಡಿ?’

‘ಫುಲ್ ಲೋಡ್ ಸಾರ್.’

‘ಅದೇ, ಎಷ್ಟು?’

‘ಫುಲ್ ಸಾರ್. ಬೇಕಾದ್ರೆ ಮೇಲೆ ಹತ್ತಿ ನೋಡಿ.’

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಬೋರ್‌ವೆಲ್ ಹತ್ತಿರ ಸಾಲು ನಿಂತು, ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಟ್ರಿಪ್ಪಿಗೆ ಇಷ್ಟು ಅಂತ ಕೂಲಿ ತಗೊಳ್ಳೋ ಮನುಷ್ಯ ಅವರು. ಟ್ಯಾಂಕು ಕಟ್ಟಿಸಿದವರು ಬೇರೆ, ದರ ಹೇಳಿದವರು ಬೇರೆ. ಅವರಿಗೆ ಲೋಡ್ ಅಂದರೆ ನಿಜವಾಗಿಯೂ ಒಂದು ಟ್ರಿಪ್ಪು. ಹಳೆಯ ಇಂಗ್ಲಿಷಿನ ಅರ್ಥ, ದಾರಿ ಸವೆಸೋದು, ಅವರ ಬಾಯಲ್ಲೇ ಉಳಿದಿದೆ. ಪ್ರಮಾಣ ಕೇಳಿದರೆ ಪ್ರಯಾಣದ ಉತ್ತರ ಸಿಗೋದು ಅದಕ್ಕೇ.

ಕಂಪ್ಯೂಟರ್ ಕೆಲಸದವರಿಗೆ ಇದು ಚೆನ್ನಾಗಿ ಅರ್ಥ ಆಗಬೇಕು. ಲಿನಕ್ಸ್ ಸರ್ವರಿನಲ್ಲಿ ಲೋಡ್ ಆವರೇಜ್ 8 ಅಂತ ಬಂದರೆ ಗಾಬರಿ ಆಗಬೇಕೋ ಬೇಡವೋ? ಎಂಟು ಕೋರ್ ಇರೋ ಯಂತ್ರವಾದರೆ ಕೈತುಂಬ ಕೆಲಸ ಅಷ್ಟೇ. ಎರಡು ಕೋರ್ ಆದರೆ ರಾತ್ರಿ ನಿದ್ದೆ ಕೆಟ್ಟಂತೆ. ಕೋರ್ ಎಷ್ಟು ಅಂತ ಕೇಳದೆ ಲೋಡ್ ನೋಡಿ ತೀರ್ಮಾನ ಮಾಡೋ ಜೂನಿಯರಿಗೆ ನಾವೇ ಪಾಠ ಹೇಳ್ತೀವಿ. ಅದೇ ನಾವು ಸಂಜೆ ಮನೆಗೆ ಬಂದು ‘ಲೋಡಿಗೆ ಎಷ್ಟಂತೆ?’ ಅಂತ ಕೇಳ್ತೀವಿ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಯಾಕಂದರೆ ಈ ಪದದ ಮಸುಕಿಗೆ ಎಷ್ಟು ಬೆಲೆ ಅನ್ನೋದು ಲೆಕ್ಕದಲ್ಲೇ ಗೊತ್ತಾಗೋದು. ಟ್ಯಾಂಕು ಅಡ್ಡ ಮಲಗಿಸಿದ ಸಿಲಿಂಡರ್ ಅಂದುಕೊಳ್ಳಿ; ಒಳಗಿನ ವ್ಯಾಸ 1.5 ಮೀಟರ್, ಉದ್ದ 3.4 ಮೀಟರ್. ಬಾಯಿಮಟ್ಟ ತುಂಬಿದರೆ ಹತ್ತಿರ ಹತ್ತಿರ 6,000 ಲೀಟರ್. ಮೇಲಿಂದ 15 ಸೆಂಟಿಮೀಟರ್ ಖಾಲಿ ಬಿಟ್ಟರೆ ಕಮ್ಮಿಯಾಗೋದು ಸುಮಾರು 310 ಲೀಟರ್. ಸಿಲಿಂಡರಿನ ಬೆನ್ನು ಕಿರಿದಾಗಿರುತ್ತೆ, ಹಾಗಾಗಿ ನಷ್ಟ ಚಿಕ್ಕದು. 30 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿನಷ್ಟು ಖಾಲಿ ಬಿಟ್ಟರೆ? ನಷ್ಟ ಎರಡರಷ್ಟಾಗೋದಿಲ್ಲ, ಸುಮಾರು 855 ಲೀಟರ್ ಆಗುತ್ತೆ, ಮೂರರಷ್ಟು ಹತ್ತಿರ. ಮಧ್ಯಕ್ಕೆ ಇಳಿದಂತೆ ಒಂದೊಂದು ಸೆಂಟಿಮೀಟರೂ ಅಗಲವಾಗುತ್ತಾ ಹೋಗುತ್ತೆ. ‘ಸ್ವಲ್ಪ ಕಮ್ಮಿ ಇದೆ ಸಾರ್, ದಾರೀಲಿ ಚೆಲ್ತು’ ಅನ್ನೋ ‘ಸ್ವಲ್ಪ’ ಇಷ್ಟು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅನ್ನೋದು ಸರ್ಕಾರಿ ಮಾನದಂಡ. 855 ಲೀಟರ್ ಅಂದರೆ ಆರು ಜನರ ಒಂದು ದಿನದ ನೀರು. ದಿನಕ್ಕೆ ಹತ್ತು ಟ್ಯಾಂಕರ್ ತರಿಸೋ ಅಪಾರ್ಟ್‌ಮೆಂಟಿನಲ್ಲಿ ಎಲ್ಲದರಲ್ಲೂ ಇಷ್ಟು ಕಮ್ಮಿಯಾದರೆ, ಲೀಟರಿಗೆ ಹತ್ತು ಪೈಸೆಯಂತೆ ಹಿಡಿದರೂ ತಿಂಗಳಿಗೆ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತೆ. ಬಿಲ್ಲಿನಲ್ಲಿ ಮಾತ್ರ ಎಲ್ಲವೂ ಪೂರ್ತಿ ಲೋಡ್.

ಹತ್ತು ಪೈಸೆ ಅನ್ನೋದು ನನ್ನ ಕಲ್ಪನೆ ಅಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಸಾವಿರ ದಾಟಿ ಎರಡು ಸಾವಿರದ ಹತ್ತಿರ ಹೋಗಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತಲ್ಲ, ಆಗ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಐದರಿಂದ ಹತ್ತು ಕಿಲೋಮೀಟರ್ ಆದರೆ 750, 850, 1,200. ಜಿಎಸ್‌ಟಿ ಬೇರೆ. ದರ ಸಾಕೋ ಸಾಲದೋ, ಎಷ್ಟು ಟ್ಯಾಂಕರಿನವರು ಪಾಲಿಸಿದರು ಅನ್ನೋ ಚರ್ಚೆ ಆಗ ಬೇಕಾದಷ್ಟು ಆಯಿತು. ನಾನು ಆ ಪಟ್ಟಿಯನ್ನು ಮೆಚ್ಚಿಕೊಂಡದ್ದು ಬೇರೆ ಕಾರಣಕ್ಕೆ: ಪಾತ್ರೆಯ ಗಾತ್ರವನ್ನು ಲೀಟರಿನಲ್ಲಿ ಹೇಳಿತ್ತು. ಭಾಗಿಸಿ ನೋಡಿದರೆ ಚಿಕ್ಕ ಗಾಡಿಯ ನೀರು ಲೀಟರಿಗೆ 10 ಪೈಸೆ, ಮಧ್ಯದ್ದು 8.75 ಪೈಸೆ, ದೊಡ್ಡದು ಸುಮಾರು 8.3 ಪೈಸೆ ಅಂತ ಗೊತ್ತಾಗುತ್ತೆ. ಲೋಡ್ ಲೆಕ್ಕದಲ್ಲಿ ಯೋಚಿಸಿದರೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಆದರೆ ಏನಾಯಿತು? ಪಟ್ಟಿ ಬಂದ ದಿನವೇ ನಮ್ಮ ಗುಂಪಿನಲ್ಲಿ ಹರಿದಾಡಿದ ಸಂದೇಶ: ‘ಗುಡ್ ನ್ಯೂಸ್, ಲೋಡಿಗೆ 600 ಫಿಕ್ಸ್ ಆಯ್ತು.’ ಮೂರು ಗಾತ್ರ, ಎರಡು ದೂರ, ಆರು ಬೆಲೆ ಇದ್ದ ಪಟ್ಟಿಯನ್ನು ಒಂದು ಪದ ನುಂಗಿಬಿಡ್ತು. ಸುದ್ದಿ ಹಾಕಿದವರು ಬಿಇ, ಎಂಟೆಕ್ ಓದಿದವರು. ಮಾರೋರು ಮಾತ್ರ ಈ ಪದವನ್ನು ಉಳಿಸಿಕೊಂಡಿಲ್ಲ, ಕೊಳ್ಳೋ ನಮಗೂ ಅದರಿಂದ ಅನುಕೂಲ ಇದೆ. ಲೋಡ್ ಅಂದರೆ ಒಂದು ಫೋನ್ ಕರೆ, ಒಂದು ಯುಪಿಐ ಪಾವತಿ, ಕೆಲಸ ಮುಗೀತು. ಲೀಟರ್ ಅಂದರೆ ಯಾರಾದರೂ ಕೆಳಗಿಳಿದು ಹೋಗಿ ನೋಡಬೇಕು.

ಕಾನೂನಿನ ಪ್ರಕಾರ ಹೀಗೆ ದರ ಹೇಳೋದೇ ತಪ್ಪು. 1956ರಲ್ಲಿ ಅಳತೆ-ತೂಕಗಳ ಕಾಯ್ದೆ ಬಂದು, 1958ರಿಂದ ಒಂದೊಂದಾಗಿ ಸೇರು-ಮಣಗಳು ಹೋಗಿ ಲೀಟರು-ಕಿಲೋಗಳು ಬಂದವು. ಈಗ ಇರೋದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದರ 11ನೇ ಸೆಕ್ಷನ್ ಪ್ರಕಾರ ಯಾವುದೇ ಸರಕಿನ ಬೆಲೆಯನ್ನು, ಬಾಯಿಮಾತಿನಲ್ಲಿ ಹೇಳಿದರೂ ಸರಿ, ಬಿಲ್ಲಿನಲ್ಲಿ ಬರೆದರೂ ಸರಿ, ಮಾನ್ಯ ಅಳತೆ ಬಿಟ್ಟು ಬೇರೆ ಲೆಕ್ಕದಲ್ಲಿ ಹೇಳುವಂತಿಲ್ಲ. ಅಕ್ಷರಶಃ ಜಾರಿ ಮಾಡಿದರೆ ಗುಡ್ಡೆ ಟೊಮೇಟೊ ಮಾರೋ ಅಜ್ಜಿಯ ಮೇಲೂ ಕೇಸು ಹಾಕಬಹುದು. ದಯವಿಟ್ಟು ಆ ಕೆಲಸ ಯಾರೂ ಮಾಡೋದು ಬೇಡ. ಅಜ್ಜಿಯ ಗುಡ್ಡೆ ಎಲ್ಲರ ಕಣ್ಣೆದುರಿಗೆ ಇದೆ. ಕಾಯ್ದೆ ಯಾರಿಗೆ ಬೇಕಿತ್ತೋ ಅವರು ಅದರ ಕಣ್ಣಿಗೆ ಬೀಳದೆ ನೂರಾರು ಟ್ರಿಪ್ಪು ಹೊಡೀತಿದ್ದಾರೆ. ಪೆಟ್ರೋಲ್ ಟ್ಯಾಂಕರಿಗೆ ಗುರುತು ಹಾಕಿದ ಅಳತೆ ಕೋಲು ಇರುತ್ತೆ, ಬಂಕಿನವರು ಅದನ್ನು ಇಳಿಬಿಟ್ಟು ನೋಡಿಯೇ ಇಳಿಸಿಕೊಳ್ತಾರೆ. ನಾವು ಬಂಕಿಗೆ ಹೋಗಿ ‘ಫುಲ್ ಟ್ಯಾಂಕ್ ಮಾಡಿ’ ಅಂದರೂ ಮೀಟರು ಲೀಟರಿನಲ್ಲೇ ಓಡುತ್ತೆ. ನೀರಿನ ಟ್ಯಾಂಕರಿನಲ್ಲಿ ಅಂಥ ಕೋಲು ನಾನು ಇವತ್ತಿನವರೆಗೂ ಕಂಡಿಲ್ಲ. ಹೊಟ್ಟೆಯ ಮೇಲೆ ಬರೆದಿರೋದು ‘ಕುಡಿಯುವ ನೀರು’, ಒಂದು ದೇವರ ಹೆಸರು, ಒಂದು ಮೊಬೈಲ್ ನಂಬರು.

ಸರ್ಕಾರದ ಕಡೆಯ ಭಾಷೆ ಇನ್ನೊಂದು ತುದಿಯದು. ಅಲ್ಲಿ ನೀರು ಎಂಎಲ್‌ಡಿಯಲ್ಲಿ ಹರಿಯುತ್ತೆ, ಟಿಎಂಸಿಯಲ್ಲಿ ನಿಲ್ಲುತ್ತೆ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 775 ದಶಲಕ್ಷ ಲೀಟರ್. ಅದನ್ನು ನಮ್ಮ ಭಾಷೆಗೆ ತಂದರೆ ದಿನಕ್ಕೆ 6,000 ಲೀಟರಿನ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರ ಟ್ಯಾಂಕರ್. ಒಂದು ಟಿಎಂಸಿ ಅಂದರೆ ಅಂಥ ನಲವತ್ತೇಳು ಲಕ್ಷ ಟ್ಯಾಂಕರ್. ಹೀಗೆ ಕೂತು ಗುಣಿಸಿದಾಗಲೇ ಪೇಪರಿನಲ್ಲಿ ಬರೋ ನೀರು, ನಮ್ಮ ಗೇಟಿಗೆ ಬರೋ ನೀರು ಎರಡೂ ಒಂದೇ ವಸ್ತು ಅಂತ ನೆನಪಾಗೋದು.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಓಣಿಯಲ್ಲಿ ಶೀಟಿನ ಮನೆಗಳಿವೆ. ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯವರು ಹೆಚ್ಚು. ಅಲ್ಲಿಗೂ ಟ್ಯಾಂಕರ್ ಬರುತ್ತೆ, ಆದರೆ ಲೋಡ್ ಅನ್ನೋ ಪದ ಅಲ್ಲಿ ನಾನು ಕೇಳಿಲ್ಲ. ಕೊಡ, ಬಕೀಟು, ನೀಲಿ ಡ್ರಮ್ಮು. ಡ್ರಮ್ಮು ಅಂದರೆ 200 ಲೀಟರ್, ಕ್ಯಾನು ಅಂದರೆ 20 ಲೀಟರ್, ಇದು ಅಲ್ಲಿಯ ಹತ್ತು ವರ್ಷದ ಹುಡುಗಿಗೂ ಗೊತ್ತು. ಒಂದು ದಿನ ಪೈಪು ಹಿಡಿದ ಹುಡುಗನ ಜೊತೆ ಒಬ್ಬರು ಹೆಂಗಸು ಜಗಳ ಮಾಡ್ತಿದ್ದರು. ಕೊಡದ ಕುತ್ತಿಗೆಗೆ ಬೆರಳಿಟ್ಟು ‘ಇಲ್ಲೀತನಕ ಬರಬೇಕೋ ತಮ್ಮಾ, ನಿನ್ನೆ ಇಲ್ಲೀತನಕ ಕೊಟ್ಟಿದ್ದಿ’ ಅಂತ. ಎರಡು ಬೆರಳಿನ ನೀರು, ಒಂದು ಲೀಟರೂ ಇರಲಿಕ್ಕಿಲ್ಲ. ಹುಡುಗ ಮುಖ ಸಿಂಡರಿಸಿ ಹಾಕಿದ. ಇನ್ನೂರು ಮನೆಯ ನಮ್ಮ ಕಟ್ಟಡದಲ್ಲಿ ಎಂಟುನೂರು ಲೀಟರ್ ಆಚೀಚೆ ಆದರೆ ಯಾರ ಬೆರಳೂ ಎಲ್ಲಿಗೂ ಹೋಗೋದಿಲ್ಲ, ಯಾಕಂದರೆ ಬೆರಳಿಡೋಕೆ ಕುತ್ತಿಗೆಯೇ ಇಲ್ಲ. ಇದು ಶ್ರೀಮಂತರು ಉದಾರಿಗಳು, ಬಡವರು ಜಿಪುಣರು ಅನ್ನೋ ಮಾತಲ್ಲ. ಆ ಹೆಂಗಸಿನ ಪದಕ್ಕೆ ಆಕಾರ ಇದೆ, ನಮ್ಮದಕ್ಕೆ ಇಲ್ಲ. ನಮ್ಮದರ ಖರ್ಚು ಮೇಂಟೆನೆನ್ಸ್ ಬಿಲ್ಲಿನಲ್ಲಿ ಇನ್ನೂರು ಭಾಗವಾಗಿ ಕರಗಿ ಹೋಗುತ್ತೆ. ಖಾಲಿ ಬಿಟ್ಟ ಒಂದು ಅಡಿಯ ನೀರು ಮಾತ್ರ ನೆಲದೊಳಗಿಂದ ತೆಗೆದದ್ದೇ, ಇನ್ನೆಲ್ಲೋ ಇನ್ನೊಂದು ಲೋಡಾಗಿ ಮಾರಾಟ ಆಗುತ್ತೆ.

ಮರಳಿನ ಲೋಡಿನ ಕತೆ ಬರೆದರೆ ಇನ್ನೊಂದು ಲೇಖನ ಆದೀತು. ಒಂದೇ ಮಾತು ಹೇಳ್ತೀನಿ: ಸ್ವಲ್ಪ ಒದ್ದೆಯಾದ ಮರಳು ಉಬ್ಬುತ್ತೆ, ನುಣ್ಣನೆಯದಾದರೆ ಕಾಲು ಭಾಗಕ್ಕೂ ಹೆಚ್ಚು. ಲಾರಿ ತುಂಬಿ ತುಳುಕ್ತಿರುತ್ತೆ, ಒಳಗೆ ಮರಳು ಕಮ್ಮಿ ಇರುತ್ತೆ. ನೀರು ಕನಿಷ್ಠ ಉಬ್ಬೋದಿಲ್ಲ, ಅದೊಂದು ಪುಣ್ಯ.

ನೀರಿನ ವಿಷಯದಲ್ಲಿ ಬೇಕಾದ ಪಾತ್ರೆ ನಮ್ಮ ಹತ್ತಿರವೇ ಇದೆ. ಟ್ಯಾಂಕರಿನ ಹೊಟ್ಟೆ ಅಳೆಯೋಕೆ ಏಣಿ ಹತ್ತಬೇಕಿಲ್ಲ. ಸಂಪು ನಾಲ್ಕು ಗೋಡೆಯ ನೇರ ಪೆಟ್ಟಿಗೆ, ಸಿಲಿಂಡರಿನ ಹಾಗೆ ಬೆನ್ನು ಹೊಟ್ಟೆ ಅನ್ನೋ ವಂಚನೆ ಅದಕ್ಕಿಲ್ಲ. ಉದ್ದವನ್ನು ಅಗಲದಿಂದ ಮೀಟರಿನಲ್ಲಿ ಗುಣಿಸಿ, ಹತ್ತರಿಂದ ಗುಣಿಸಿದರೆ ಪ್ರತಿ ಸೆಂಟಿಮೀಟರ್ ನೀರಿಗೆ ಎಷ್ಟು ಲೀಟರ್ ಅಂತ ಬರುತ್ತೆ. ಅಡಿ ಲೆಕ್ಕ ಇಷ್ಟಪಡೋರಿಗೆ: ಒಂದು ಘನ ಅಡಿ ಅಂದರೆ 28.3 ಲೀಟರ್. ಹತ್ತು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ 6,000 ಲೀಟರ್ ಬಿದ್ದರೆ ನೀರು ಮೂರೂವರೆ ಅಡಿ ಏರಬೇಕು. ಇಳಿಸುವಾಗ ಪಂಪು ಆಫ್ ಮಾಡಿರಬೇಕು ಅಷ್ಟೇ, ಇಲ್ಲದಿದ್ದರೆ ಮೇಲಿನ ಟ್ಯಾಂಕಿಗೆ ಹೋದ ನೀರಿನ ತಪ್ಪು ಡ್ರೈವರಿನ ತಲೆಗೆ ಬರುತ್ತೆ.

ನಮ್ಮ ಸೆಕ್ಯುರಿಟಿಯವರ ಪುಸ್ತಕದಲ್ಲಿ ಮೊದಲು ಮೂರು ಕಾಲಂ ಇದ್ದವು: ತಾರೀಕು, ಗಾಡಿ ನಂಬರು, ಲೋಡ್. ಮೂರನೇ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 1, 1, 1, 1. ಹೋದ ಏಪ್ರಿಲಿನಲ್ಲಿ ಒಂದು ಪಿವಿಸಿ ಪೈಪಿಗೆ ಸಾವಿರ ಲೀಟರಿಗೊಂದರಂತೆ ಕೆಂಪು ಬಣ್ಣದ ಗೆರೆ ಎಳೆದು ಸಂಪಿನ ಮುಚ್ಚಳದ ಪಕ್ಕ ಇಟ್ಟೆವು. ಇಳಿಸೋಕೆ ಮೊದಲು ಒಂದು ಸಲ, ಇಳಿಸಿದ ಮೇಲೆ ಒಂದು ಸಲ ಅದ್ದಿ ನೋಡೋದು. ಈಗ ಆ ಕಾಲಮ್ಮಿನಲ್ಲಿ ಬರೋ ಅಂಕಿಗಳು 5,200, 5,700, 4,900, 5,800. ಹೆಸರು ಮಾತ್ರ ಇನ್ನೂ ಲೋಡ್ ಅಂತಲೇ ಇದೆ, ಪುಸ್ತಕದ ತಲೆಬರಹ ಅಚ್ಚು ಹಾಕಿಸಿದ್ದು ಇನ್ನೂ ನೂರು ಪುಟ ಬಾಕಿ ಇದೆ.